ಲೋಕಾಪುರದಲ್ಲಿ ತಪ್ಪಿದ ನನ್ನ ಪಾಳಿ

ಲೋಕಾಪುರ ಬಸ್ ನಿಲ್ದಾಣದ ಬಯಲಿನಲ್ಲಿ, ಕೋಳಿ ಸಾಕಣೆ ಕಲಿಸಲು ಬಂದ ಅಮೆರಿಕದ ಸಾಹೇಬರೊಬ್ಬರು ಹುಡುಗರಿಗೆ ಬೇಸ್‌ಬಾಲ್ ಕಲಿಸುತ್ತಿದ್ದರು. ಮುಧೋಳದ ಬಸ್ಸಿಗೆ ಕಾಯುತ್ತಿದ್ದ ನಾನು, ಈ ಆಟದಲ್ಲಿ ಹುಲಿ ಎಂದು ಹೇಳಿಕೊಂಡು ಮುಂದಿನ ಪಾಳಿ ಗಿಟ್ಟಿಸಿದೆ. ಆ ಬ್ಯಾಟನ್ನು ನೋಡಿದ್ದೇ ಮೊದಲು, ಒನಕೆಯ ತಮ್ಮನಂತಿತ್ತು.

ಅಷ್ಟರಲ್ಲಿ ಸಾಹೇಬರು ಬಾರಿಸಿದ ಚೆಂಡು ಮೋಡ ಮುಟ್ಟಿ ಬಂದು, ಕಟ್ಟೆಯ ಮೇಲೆ ಕೂತು ಆಟ ನೋಡುತ್ತಿದ್ದ ಅಜ್ಜಿಯೊಬ್ಬಳ ಉಡಿಗೆ ಬಿತ್ತು.

"ನಮ್ಮ ದೇಶದಾಗ ನೋಡೋರು ಹಿಡಿದ ಚೆಂಡು ಅವರದ. ನಮ್ಮಪ್ಪ ಒಂದು ಹಿಡಿದು ಕಪಾಟಿನ್ಯಾಗ ಇಟ್ಟಾನ್ರಿ," ಎಂದು ಸಾಹೇಬರು ಇಲ್ಲೇ ಕಲಿತ ಕನ್ನಡದಲ್ಲಿ ಹೇಳಿ ನಕ್ಕರು.

ಇದ್ದದ್ದು ಅದೊಂದೇ ಚೆಂಡು!

"ಯವ್ವಾ, ನನ್ನ ಪಾಳಿ ಐತಿ, ಕೊಡಬೇ!" ಎಂದೆ.

"ಅಮೆರಿಕಾದ ಕಾಯ್ದೆ ಮುರೀತೀಯೇನಲೇ?" ಎಂದು ಅಜ್ಜಿ ಚೆಂಡನ್ನು ಚೀಲದಲ್ಲಿ ರೊಟ್ಟಿ ಗಂಟಿನ ಕೆಳಗೆ ಇಟ್ಟಳು.

ಬಸ್ಸಿನಲ್ಲಿ ಮುಧೋಳದವರೆಗೂ ಅವಳ ಪಕ್ಕದಲ್ಲೇ ಕುಳಿತೆ. ರೊಟ್ಟಿ ಕೊಟ್ಟಳು, ಚೆಂಡು ಕೊಡಲಿಲ್ಲ.