ಬೀಗ ಬಿದ್ದ ಕಣ

ನಮ್ಮ ತಾರಸಿಯಲ್ಲಿ ಈ ಸಲ ಸಂಡಿಗೆಗೆ ಜಾಗವಿಲ್ಲ. ಬಟ್ಟೆಯ ಹಗ್ಗದ ಕೆಳಗೆ, ನೀರಿನ ಟ್ಯಾಂಕಿನ ಸುತ್ತ, ಮೆಟ್ಟಿಲ ತುದಿಯವರೆಗೂ ಕಾಫಿ ಹಣ್ಣು ಹರಡಿಕೊಂಡಿದೆ. ನಾನು ಪಿಂಚಣಿಯಲ್ಲಿ ಬದುಕುವ ಕನ್ನಡ ಮೇಷ್ಟ್ರು, ನನಗೆ ತೋಟವಿಲ್ಲ. ಮಾದಾಪುರದ ನಮ್ಮ ಬೀದಿಯಲ್ಲಿ ತೋಟವಿರುವುದು ಪಕ್ಕದ ಮನೆಯ ಜಾನಕಕ್ಕನಿಗೆ. ಕಾಫಿ ಒಣಗಿಸುವ ಒಳ್ಳೆಯ ಸಿಮೆಂಟಿನ ಕಣವೂ ಅವರದೇ. ಆದರೆ ಆ ಕಣಕ್ಕೆ ಬೀಗ ಬಿದ್ದಿದೆ, ಅದರ ಕೀ ಇರುವುದು ಒಂದು ಕಾಫಿ ಕಂಪನಿಯ ಬಳಿ. ಗೆಳೆಯರೇ, ಈ ಹಣ್ಣು ನನ್ನ ನೆತ್ತಿಯ ಮೇಲೆ ಬಂದು ಕುಳಿತ ಕಥೆ ಕೇಳಿದರೆ ನಿಮ್ಮ ನೆತ್ತಿಯೂ ಬಿಸಿಯಾದೀತು.

ಕಂಪನಿ ಆ ಕಣವನ್ನು ಕರಾರು ಬರೆದು ಬಾಡಿಗೆಗೆ ಹಿಡಿದಿತ್ತು. ಅವಧಿ ಮುಗಿದ ಮೇಲೂ ಬಿಡದೆ, ಕರಾರು ತಾನಾಗಿಯೇ ಮುಂದುವರಿಯುತ್ತದೆಂದು ವಾದ ಹೂಡಿತು. ತಕರಾರು ಬಂದರೆ ಕೋರ್ಟು ಬೇಡ, ಮಧ್ಯಸ್ಥಗಾರರು ಹೇಳಿದ್ದೇ ಅಂತಿಮ ಎಂದು ಆ ಕಾಗದದಲ್ಲಿ ಅಚ್ಚು ಹಾಕಿಸಿದ್ದು ಕಂಪನಿಯೇ. ನಿವೃತ್ತ ನ್ಯಾಯಾಧೀಶರೊಬ್ಬರ ಹೆಸರು ಸೂಚಿಸಿದ್ದೂ ಕಂಪನಿಯೇ. ಜಾನಕಕ್ಕ ಮರುಮಾತಿಲ್ಲದೆ ಒಪ್ಪಿದರು. ಆ ಹಿರಿಯರು ಮಡಿಕೇರಿಯಲ್ಲಿ ಕುಳಿತು, ಎರಡೂ ಕಡೆಯ ಮಾತನ್ನು ಸಾವಧಾನವಾಗಿ ಕೇಳಿ, ಕಣ ಬಿಟ್ಟುಕೊಡಿ ಎಂದರು.

"ತೀರ್ಪು ಆಯ್ತಲ್ಲ ಮೇಷ್ಟ್ರೇ, ಇನ್ನೆಂಥ ಹೆದರಿಕೆ?" ಎಂದು ಜಾನಕಕ್ಕ, ಕಾಫಿ ಹಣ್ಣಾಗುತ್ತಲೇ ಕೊಯ್ಲಿಗೆ ಆಳು ಕರೆದರು. 'ಅಂತಿಮ' ಎಂಬ ಮಾತನ್ನು ನಂಬಿದ್ದೊಂದೇ ಅವರು ಮಾಡಿದ ತಪ್ಪು. ಕಾನೂನು ಕೊಟ್ಟ ಗಡುವು ಮುಗಿಯುವ ಅಂಚಿನವರೆಗೂ ಬಾಯಿ ಹೊಲಿದುಕೊಂಡಿದ್ದ ಕಂಪನಿ, ಆಗ ಎದ್ದು ಹೋಗಿ ಆ ತೀರ್ಪನ್ನೇ ಕೋರ್ಟಿನಲ್ಲಿ ಪ್ರಶ್ನಿಸಿ ತಡೆಯಾಜ್ಞೆ ತಂದಿತು. ಅಷ್ಟರಲ್ಲಿ ಹಣ್ಣು ಚೀಲ ಸೇರಿತ್ತು. ಕೊಯ್ದದ್ದನ್ನು ಮರಳಿ ಗಿಡಕ್ಕೆ ಅಂಟಿಸಲಾದೀತೇ? ರಾಶಿ ಹಾಕಿದರೆ ಬೂಸ್ಟು ಹಿಡಿದು ವರ್ಷದ ದುಡಿಮೆಯೇ ಹಾಳು. ಹಾಗಾಗಿ ನಮ್ಮ ತಾರಸಿ ಕಣವಾಯಿತು.

ಮಧ್ಯಸ್ಥಗಾರರು ಲಂಚ ತಿಂದಿದ್ದರೆ, ಒಬ್ಬರ ಮಾತಿಗೆ ಕಿವಿಯನ್ನೇ ಕೊಡದಿದ್ದರೆ, ಕೋರ್ಟಿನ ಬಾಗಿಲು ತೆರೆದಿರಲೇಬೇಕು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಕಂಪನಿಯ ಅರ್ಜಿಯನ್ನು ನಾನೇ ಓದಿದ್ದೇನೆ, ಅಂಥದ್ದೊಂದೂ ಅದರಲ್ಲಿಲ್ಲ. ಕರಾರಿನ ಅರ್ಥ ತಮಗೆ ತೋಚಿದಂತೆ ಆ ಹಿರಿಯರಿಗೆ ತೋಚಲಿಲ್ಲ ಎಂಬುದಷ್ಟೇ ದೂರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಆರಿಸಿದವಳೂ ಅವಳೇ! ಈ ಅರ್ಜಿ ಬಿದ್ದರೆ ಮೇಲ್ಮನವಿ, ಅದೂ ಬಿದ್ದರೆ ಇನ್ನೂ ಮೇಲಿನ ಮೆಟ್ಟಿಲು. ಅವರಿಗೆ ಬೇಕಾದದ್ದು ಗೆಲುವೂ ಅಲ್ಲ, ಈ ನಾಲ್ಕು ದಿನದ ಬಿಸಿಲು ಕಳೆದುಹೋದರೆ ಸಾಕು. ಇದನ್ನು ನ್ಯಾಯದ ಹುಡುಕಾಟವೆಂದು ಕರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಅಕಾಲದಲ್ಲಿ ಮಳೆ ಹೊಯ್ದು, ನಾನೂ ಜಾನಕಕ್ಕನೂ ಟಾರ್ಪಾಲು ಎಳೆಯುವಷ್ಟರಲ್ಲಿ ಅರ್ಧಕ್ಕರ್ಧ ನೆನೆಯಿತು. ನಿನ್ನೆ ಅದೇ ಕಂಪನಿಯ ಖರೀದಿಯವನೊಬ್ಬ, ಯಾರ ಕಾಫಿಯೆಂದು ತಿಳಿಯದೆ, ಬೀದಿಯ ಮನೆಗಳನ್ನೆಲ್ಲ ನೋಡುತ್ತ ನಮ್ಮ ತಾರಸಿಗೂ ಹತ್ತಿದ. ಒಂದು ಹಿಡಿ ಎತ್ತಿ ಮೂಸಿ ಮುಖ ಕಿವುಚಿಕೊಂಡ.

"ಬೂಸ್ಟು ವಾಸನೆ. ನಮ್ಮ ಕಂಪನಿ ಇದನ್ನ ತಗೊಳ್ಳಲ್ಲ. ಕಾಫಿ ಒಣಗಿಸೋಕೆ ಸರಿಯಾದ ಕಣ ಬೇಕಮ್ಮ, ಅಷ್ಟೂ ಗೊತ್ತಿಲ್ವಾ?" ಎಂದು ಅಲ್ಲೇ ಹಣ್ಣು ಹರವುತ್ತಿದ್ದ ಜಾನಕಕ್ಕನಿಗೆ ಬುದ್ಧಿ ಹೇಳಿದ.

"ಗೊತ್ತು. ಕೀ ಕೊಡಿ" ಎಂದು ಜಾನಕಕ್ಕ ಅಂಗೈ ಚಾಚಿದರು.

ಅವನು ಕಕ್ಕಾಬಿಕ್ಕಿಯಾಗಿ ನನ್ನತ್ತ ನೋಡಿದ. ಯಾವ ಕಣ, ಯಾವ ಕೀ ಎಂದು ನಾನು ಹೇಳಿದೆ. ಕೈಯಲ್ಲಿದ್ದ ಕಾಫಿಯನ್ನು ಅಲ್ಲೇ ಸುರಿದು ಅವನು ಮೆಟ್ಟಿಲಿಳಿದು ಹೋದ. ಜಾನಕಕ್ಕನ ಕೈ ಮಾತ್ರ ಚಾಚಿದ ಹಾಗೆಯೇ ಇತ್ತು.