ಮತ್ತೆ ಬನ್ನಿ ಎನ್ನದ ಅಂಗಡಿ

ಮೊದಲ ದಿನ ಆ ಅಂಗಡಿಯ ಕಿಟಕಿಯಲ್ಲಿ ಕಿತ್ತಳೆ ಇದ್ದವು ಎಂದು ನನ್ನ ನೆನಪು. ಕಾಲುಚೀಲ ಎನ್ನುತ್ತಾನೆ ಗಂಡ. ಎರಡೂ ಇದ್ದಿರಬಹುದು, ಎದುರಿನ ಜೈಲಿನಲ್ಲಿದ್ದವರಿಗೆ ಮನೆಯವರು ಕೊಂಡು ಒಳಗೆ ಕಳಿಸುವ ಸಾಮಾನಿನ ಅಂಗಡಿ ಅದು. ಜೈಲು ಮುಚ್ಚಿ ಆಗಲೇ ಒಂದು ಚಳಿಗಾಲ ಕಳೆದಿತ್ತು. ಕಾವಲುಗಾರರ ಸಂಸಾರಗಳು ಊರು ಬಿಟ್ಟವು, ಮಕ್ಕಳಿಲ್ಲದೆ ಶಾಲೆ ನಿಂತಿತು, ಹಗಲಿರುಳೂ ತೆರೆದಿರುತ್ತಿದ್ದ ಕೊಂಬಿನಿ ಅಂಗಡಿಯೂ ಬಾಗಿಲೆಳೆಯಿತು. ಜಪಾನಿನ ಫುಕುವೋಕಾದಿಂದ ವಾರಕ್ಕೊಮ್ಮೆ ನಮ್ಮ ಲ್ಯಾಬಿಗೆ ನದಿ ನೀರಿನ ಮಾದರಿ ತರಲೆಂದು ಆ ಊರಿಗೆ ಹೋಗುತ್ತಿದ್ದ ನನಗೆ ಬಿಸಿ ಚಹಾ ಸಿಗುತ್ತಿದ್ದದ್ದು ಅಲ್ಲಿ ಮಾತ್ರ.

ಮೊದಲ ಸಲ ಜೊತೆಗೆ ಬಂದಿದ್ದ ಗಂಡ ಒಂದು ಪೈಜಾಮ ಎತ್ತಿ ಹಿಡಿದ. "ನೋಡೇ, ಲಾಡಿನೇ ಇಲ್ಲ. ಫುಲ್ ಎಲಾಸ್ಟಿಕ್."

"ಜೈಲಲ್ಲಿ ಲಾಡಿ ಅಲೋ ಮಾಡಲ್ಲ ಕಣೋ. ನಿನ್ನ ಹೊಟ್ಟೆಗೆ ಪರ್ಫೆಕ್ಟ್, ತಗೋ."

ಕೊಂಡೆವು. ಬರೀ 'ಹೋಗ್ತೀವಿ' ಎಂದು ಹೊರಡಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲವಲ್ಲ, ಜಪಾನಿಯಲ್ಲೂ ಹಾಗೇ ಹೇಳಿದೆ: ಮತ್ತೆ ಬರ್ತೀವಿ. ಅಂಗಡಿಯ ಹಿರಿಯ ಹೆಂಗಸಿನ ಮುಖ ಸಣ್ಣದಾಯಿತು. ತಲೆಬಾಗಿದರು.

"ಏನಾದ್ರೂ ತಪ್ಪು ಹೇಳಿದ್ನಾ?" ಕಾರಿನಲ್ಲಿ ಕೇಳಿದೆ.

"ನಿನ್ನ ಜಪಾನೀಸ್ ಓಕೆ ಇತ್ತಪ್ಪ. ಪೈಜಾಮ ವಾಪಸ್ ತರ್ತಾರೆ ಅನ್ಕೊಂಡ್ರೇನೋ."

ಕೆಲವು ವಾರಗಳ ಮೇಲೆ ಆಕೆಯೇ ಬಿಡಿಸಿ ಹೇಳಿದರು. ಅತ್ತೆಯ ಕಾಲದಿಂದಲೂ ಆ ಅಂಗಡಿಯಲ್ಲಿ ಯಾರಿಗೂ 'ಮತ್ತೆ ಬನ್ನಿ' ಎಂದದ್ದಿಲ್ಲ. ಬಂದವರು ಇನ್ನೊಮ್ಮೆ ಬರಬೇಕಾಗದಿರಲಿ ಎಂದು ಸುಮ್ಮನೆ ತಲೆಬಾಗುವುದೇ ಪದ್ಧತಿ.

"ಈಗ ಬಂದೋರು ಮತ್ತೆ ಬರ್ದಿದ್ರೆ ಅಂಗಡಿ ಮುಚ್ಚಬೇಕು," ಎಂದು ನಕ್ಕರು. "ಆದ್ರೂ ಹೇಳಕ್ಕೆ ಬಾಯೇ ಬರಲ್ಲ."

"ನಮ್ಮಲ್ಲಿ ಉಲ್ಟಾ, ಒಬಾಸಾನ್," ಎಂದೆ; ನಮ್ಮ 'ಆಂಟಿ' ಇದ್ದಂತೆ ಅದು. "ಬರ್ತೀನಿ ಅನ್ನದೆ ಹೋದ್ರೆ ಅಪಶಕುನ."

"ಹಾಗಾದ್ರೆ ನನ್ನ ಪಾಲಿಂದೂ ನೀವೇ ಹೇಳ್ಬಿಡಿ."

ಅಂದಿನಿಂದ ಲ್ಯಾಬಿನವರನ್ನೂ ಕರೆದೊಯ್ಯುತ್ತೇನೆ. ಹೊಸಬರಿಗೆ ಗಂಡ ಹೊಸ್ತಿಲಲ್ಲೇ ಪಾಠ ಮಾಡುತ್ತಾನೆ: "'ಮತ್ತೆ ಬರ್ತೀವಿ' ಅಂತ ಜೋರಾಗಿ ಹೇಳಿ." ಲಾಡಿಯಿಲ್ಲದ ಪೈಜಾಮ ಈಗ ನಮ್ಮ ಲ್ಯಾಬಿನ ಅರ್ಧ ಜನರ ಮನೆಯಲ್ಲಿದೆ. ಊರು ಮತ್ತೆ ತುಂಬಿತು ಎಂದೇನೂ ಬರೆಯಲಾರೆ. ಅಂಗಡಿ ತೆರೆದಿದೆ, ಅಷ್ಟೇ.

ಕೊನೆಗೊಮ್ಮೆ ಆಕೆಯೇ 'ಮತ್ತೆ ಬನ್ನಿ' ಎಂದರು ಎಂದು ಈ ಬರಹ ಮುಗಿಸಿದ್ದೆ. ಗಂಡ ಓದಿ, "ಯಾವಾಗಂದ್ರು?" ಎಂದ. ಹೊಡೆದುಹಾಕಿದೆ. ಅಂದಿಲ್ಲ. ಕಳೆದ ವಾರವೂ ಬಾಗಿಲವರೆಗೆ ಬಂದು ನಿಂತರು. ನಾವು ಕಾರು ಹತ್ತಲು ಹೋದರೂ ತಲೆಬಾಗಲಿಲ್ಲ. ನಾವು ಹೇಳಲೆಂದು ಕಾಯುತ್ತಿದ್ದರು.

ಹೇಳಿದೆವು. ಆಮೇಲೆ ತಲೆಬಾಗಿದರು.