ನನ್ನ ಮಾತು ನಂಬಿದ ಪ್ಲೇಗಿನ ಇನ್ಸ್‌ಪೆಕ್ಟರು

ಅವರ ಹಣೆಯ ಮೇಲೆ, ಕೂದಲು ಶುರುವಾಗುವ ಅಂಚಿನಲ್ಲಿ, ಯಾವಾಗಲೂ ಒಂದು ಗಾಯ ಇರುತ್ತಿತ್ತು. ಅದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಆಳು ಬಲು ಎತ್ತರ. ನಮ್ಮ ದುರ್ಗದ ಹಳೆಯ ಮನೆಗಳ ಬಾಗಿಲುಗಳೋ ಬಲು ಕುಳ್ಳು. ದಿನವೆಲ್ಲ ಮನೆಯಿಂದ ಮನೆಗೆ ಹೊಕ್ಕು ಹೊರಡುವವರಿಗೆ ಪ್ರತಿಸಲವೂ ಬಗ್ಗುವ ನೆನಪು ಎಲ್ಲಿರುತ್ತದೆ? ತಲೆ ತಗುಲಿದಾಗ ಸಿಡುಕುತ್ತಿರಲಿಲ್ಲ. "ನಿಮ್ಮನೆ ಬಾಗ್ಲು ನಮಸ್ಕಾರ ಮಾಡಿಸ್ಕಂಡೇ ಒಳಗೆ ಬಿಡ್ತೈತೆ ನೋಡ್ರಿ" ಎಂದು ಹಣೆ ಉಜ್ಜಿಕೊಳ್ಳುತ್ತಿದ್ದರು. ಒಳಗೆ ನಡುಗುತ್ತ ನಿಂತಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಒಮ್ಮೆ ನಕ್ಕರೆ ಆಮೇಲೆ ಮಾತು ಸಲೀಸು.

ಅವರು ನಮ್ಮ ಪುರಸಭೆಯ ನೈರ್ಮಲ್ಯದ ಇನ್ಸ್‌ಪೆಕ್ಟರು. ಊರವರ ಬಾಯಲ್ಲಿ "ಪ್ಲೇಗಿನ ಇನ್ಸ್‌ಪೆಟ್ರು". ಆ ವರ್ಷಗಳಲ್ಲಿ ಚಳಿ ಬಿತ್ತೆಂದರೆ ಪ್ಲೇಗು ಬರುತ್ತಿತ್ತು. ಯಾರದೋ ಅಟ್ಟದಿಂದ ಇಲಿ ಬಿದ್ದು ಸತ್ತಿತೆಂದರೆ ಕೇರಿಗೆ ಕೇರಿಯೇ ಬೆದರುತ್ತಿತ್ತು. ಇಲಿ ಬಿದ್ದ ಕೇರಿಯನ್ನು ಪುರಸಭೆಯವರು ಖಾಲಿ ಮಾಡಿಸಿ, ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಸಿಕೊಟ್ಟು, ಗಾಡಿಯಲ್ಲಿ ನೀರು ತರಿಸುತ್ತಿದ್ದರು. ಕಾಯಿಲೆ ಬಿದ್ದವರನ್ನು ಬೇರೆ ಶೆಡ್ಡಿಗೆ ಒಯ್ಯುತ್ತಿದ್ದರು. ಮನೆಗೆ ಸುಣ್ಣ ಬಳಿಸಿ, ಮಾಳಿಗೆ ತೆರೆಸಿ ಬಿಸಿಲು ಬಿಡಿಸುತ್ತಿದ್ದರು. ಜನಕ್ಕೆ ಪ್ಲೇಗಿನಷ್ಟೇ ಭಯ ಇದಕ್ಕೂ. ಶೆಡ್ಡಿಗೆ ಹೋದವರು ತಿರುಗಿ ಬರುವುದಿಲ್ಲ ಎಂದೇ ಎಲ್ಲರೂ ನಂಬಿದ್ದರು.

ಆ ಭಯದ ನಡುವೆ ಅವರು ಮೆಟ್ಟು ಬಾಗಿಲಾಚೆ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಿದ್ದರು. ಪ್ಲೇಗಿನ ಮನೆಯಲ್ಲಿ ಬರಿಗಾಲಿಡಬಾರದೆಂದು ಡಾಕ್ಟರು ಗದರಿದರೂ ಕೇಳಲಿಲ್ಲ. "ಮೆಟ್ಟು ಹಾಕ್ಕಂಡು ದೇವರ ಮನೆ ಮುಂದೆ ನಿಂತ್ರೆ ಜಪ್ತಿಗೆ ಬಂದಂಗೆ ಕಾಣ್ತೀನಿ ಸ್ವಾಮಿ. ಆಮೇಲೆ ಯಾರು ನಿಜ ಹೇಳ್ತಾರೆ?" ಎಂದರಂತೆ.

ನಾನು ಹೊಸದುರ್ಗದಿಂದ ದುರ್ಗಕ್ಕೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಮನೆಯಲ್ಲಿ ಅತ್ತೆ, ನಾದಿನಿ, ನಾನು. ನಮ್ಮ ಯಜಮಾನರದು ಕಂಬಳಿ ವ್ಯಾಪಾರ. ತಿಂಗಳಲ್ಲಿ ಹೆಚ್ಚು ದಿನ ಸಂತೆಯಿಂದ ಸಂತೆಗೆ ತಿರುಗಾಟ. ಇನ್ಸ್‌ಪೆಕ್ಟರ ಊರೂ ಹೊಸದುರ್ಗದ ಪಕ್ಕದ್ದೇ. ಅದು ತಿಳಿದ ದಿನದಿಂದ ನನ್ನನ್ನು "ತಂಗೀ" ಎಂದರು, ನಾನು "ಅಣ್ಣಾ" ಎಂದೆ.

ಪ್ಲೇಗಿನ ಸೂಜಿ ಚುಚ್ಚುವ ಏರ್ಪಾಡು ನಮ್ಮ ಕೇರಿಗೆ ಮೊದಲ ಸಲ ಬಂದಾಗ ಒಬ್ಬರೂ ಮನೆಯಿಂದ ಹೊರಬರಲಿಲ್ಲ. ಸೂಜಿ ಹಾಕಿಸಿಕೊಂಡವರಿಗೆ ಮಕ್ಕಳಾಗುವುದಿಲ್ಲ, ಮೂರು ದಿನಕ್ಕೆ ರಕ್ತ ಕಾರುತ್ತಾರೆ ಎಂದೆಲ್ಲ ಸುದ್ದಿ. ಡಾಕ್ಟರು ಬೆಂಚು ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತರು. ಆಗ ಇನ್ಸ್‌ಪೆಕ್ಟರು ಮನೆಗೆ ಹೋಗಿ ಹೆಂಡತಿಯನ್ನು ಕರೆತಂದು, ಬೀದಿಯ ನಡುವೆ, ಎಲ್ಲರ ಕಿಟಕಿಗೂ ಕಾಣುವಂತೆ ಕೂರಿಸಿ ಸೂಜಿ ಹಾಕಿಸಿದರು. ಆಕೆ ಹಲ್ಲು ಕಚ್ಚಿಕೊಂಡು ಕೂತಿದ್ದರು. ಎರಡು ದಿನ ಜ್ವರ ಬಂತು. ಕೇರಿಯ ಹೆಂಗಸರೆಲ್ಲ ಸುದ್ದಿಗಾಗಿ ಕಿವಿ ನೆಟ್ಟಿದ್ದರು. ಮೂರನೆಯ ದಿನ ಆಕೆ ಕೊಡ ಹೊತ್ತು ಬಾವಿಗೆ ಬಂದು, "ಬದುಕಿದೀನಿ ಕಣ್ರವ್ವ, ಮುಟ್ಟಿ ನೋಡ್ರಿ" ಎಂದು ತೋಳು ಚಾಚಿದರು. ಮುಟ್ಟಿದವರಲ್ಲಿ ನಾನೇ ಮೊದಲಿಗಳು. ಸೂಜಿ ಹಾಕಿಸಿಕೊಂಡವರಲ್ಲೂ. ಆಮೇಲೆ ಆಕೆಯ ಜೊತೆ ನಾನೂ ಮನೆಮನೆಗೆ ಹೋಗಿ ಹೆಂಗಸರಿಗೆ ಹೇಳಿ ಒಪ್ಪಿಸಿದೆ. ನಮ್ಮ ಮನೆಯಲ್ಲಿ ಮಾತ್ರ ನನ್ನ ಮಾತು ನಡೆಯಲಿಲ್ಲ. ಮದುವೆಯಾಗಬೇಕಾದ ಹುಡುಗಿಗೆ ಸೂಜಿ ಬೇಡವೆಂದು ಅತ್ತೆ ನಾದಿನಿಯನ್ನು ಕಳಿಸಲಿಲ್ಲ.

ಅಂದಿನಿಂದ ಇನ್ಸ್‌ಪೆಕ್ಟರು ನಮ್ಮ ಮನೆಯೊಳಕ್ಕೆ ತಪಾಸಣೆಗೆ ಬರುವುದನ್ನು ಬಿಟ್ಟರು. ಜಗಲಿಯ ಬಳಿ ನಿಂತು, "ಎಲ್ಲಾರೂ ಹುಷಾರಾ ತಂಗೀ?" ಎನ್ನುತ್ತಿದ್ದರು. "ಹುಷಾರು ಅಣ್ಣಾ" ಎಂದರೆ, "ನೀನು ಹೇಳಿದ್ರೆ ಆಯ್ತು" ಎಂದು ಮುಂದಿನ ಮನೆಗೆ ಹೋಗುತ್ತಿದ್ದರು.

ಮರುವರ್ಷದ ಚಳಿಗಾಲದಲ್ಲಿ ನಾದಿನಿಯ ಮದುವೆ ಹೊಳಲ್ಕೆರೆಯ ಕಡೆ ನಿಶ್ಚಯವಾಯಿತು. ಇನ್ನು ಹದಿನೈದು ದಿನವಿದೆ ಎನ್ನುವಾಗ ನಮ್ಮ ಅಟ್ಟದಿಂದ ಇಲಿ ಬಿತ್ತು. ಅತ್ತೆ ಅದನ್ನು ಮೊರದಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಹೂತರು. "ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದರು. ನಾನು ಬಿಡಲಿಲ್ಲ. ನಾಲ್ಕನೆಯ ದಿನ ಹುಡುಗಿಗೆ ಜ್ವರ ಬಂತು. ಮಾರನೆಯ ಬೆಳಿಗ್ಗೆ ತೊಡೆಯ ಸಂದಿನಲ್ಲಿ ಪ್ಲೇಗಿನ ಗಡ್ಡೆ ಎದ್ದಿತ್ತು.

ಅದೇ ಬೆಳಿಗ್ಗೆ ಇನ್ಸ್‌ಪೆಕ್ಟರು ಬಂದರು. ಅತ್ತೆ ನನ್ನ ಕೈ ಹಿಡಿದುಕೊಂಡು, "ನನ್ನ ಮಗಳನ್ನ ಶೆಡ್ಡಿಗೆ ಕಳಿಸಿದ್ರೆ ನಾನು ಬಾವಿಗೆ ಬೀಳ್ತೀನಿ. ನಿನ್ನ ಮಾತು ನಂಬ್ತಾನೆ, ಹೋಗಿ ಹೇಳು" ಎಂದರು. ನಾನು ಹೊರಗೆ ಬಂದೆ.

"ಎಲ್ಲಾರೂ ಹುಷಾರಾ ತಂಗೀ?"

"ಹುಷಾರು ಅಣ್ಣಾ."

"ಹುಡುಗಿ ಕಾಣ್ಲಿಲ್ಲ? ದಿನಾ ಇಲ್ಲೇ ರಂಗೋಲಿ ಹಾಕ್ತಿರ್ತಾಳೆ."

"ಹೊಳಲ್ಕೆರೆಗೆ ಹೋಗ್ಯಾಳೆ. ಚಿಕ್ಕಮ್ಮನ ಮನೆಗೆ."

"ಒಳ್ಳೇದಾತು. ಇಂಥ ದಿನದಾಗೆ ಊರಾಚೆ ಇರೋದೇ ವಾಸಿ" ಎಂದು ನಮ್ಮ ಬಾಗಿಲ ಪಕ್ಕ ಸುಣ್ಣದಲ್ಲಿ ಗುರುತು ಹಾಕಿ ಹೋದರು. ಕಾಯಿಲೆಯಿಲ್ಲದ ಮನೆ ಎಂಬುದಕ್ಕೆ ಆ ಗುರುತು.

ಅವತ್ತು ನಾನು ನಿಜ ಹೇಳಿದ್ದರೆ ಸಂಜೆಯೊಳಗೆ ನಮ್ಮ ಕೇರಿ ಖಾಲಿಯಾಗುತ್ತಿತ್ತು. ಆಗಲಿಲ್ಲ. ಮೂರು ದಿನಕ್ಕೆ ನಾದಿನಿ ತೀರಿಕೊಂಡಳು. ಕೊನೆಯ ದಿನ ನೀರು ನೀರು ಎಂದವಳು ನನ್ನ ಗುರುತನ್ನೂ ಹಿಡಿಯಲಿಲ್ಲ. ಅವಳ ಸಾವಿನಿಂದ ಕಾಯಿಲೆ ಬಯಲಾಗಿ ಕೇರಿ ಖಾಲಿ ಮಾಡಿಸುವಷ್ಟರಲ್ಲಿ ಒಂದೇ ಗೋಡೆಯ ಪಕ್ಕದ ಮನೆಯಲ್ಲಿ ಬಡಗಿಯ ಹೆಂಡತಿ ಹೋದಳು, ಆಮೇಲೆ ಅವನ ತಾಯಿ.

ಡಾಕ್ಟರು ಪುರಸಭೆಯವರೊಂದಿಗೆ ಬಂದು ನಮ್ಮ ಮನೆಯ ಮುಂದೆ ನಿಂತರು. ಕೇರಿಯವರೆಲ್ಲ ಗುಡಿಸಲಿಗೆ ಹೊರಡಲು ಗಂಟುಮೂಟೆ ಕಟ್ಟಿಕೊಂಡು ಬೀದಿಯಲ್ಲಿದ್ದರು. ಹುಡುಗಿ ಒಳಗೆ ಮಲಗಿದ್ದಾಗ ಈ ಬಾಗಿಲಿಗೆ ಗುರುತು ಹೇಗೆ ಬಂತು ಎಂದು ಡಾಕ್ಟರು ಕೇಳಿದರು. ಇನ್ಸ್‌ಪೆಕ್ಟರು ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಅತ್ತೆಯ ಪಕ್ಕ ನಿಂತಿದ್ದೆ. ಈಗ ಹೇಳುತ್ತಾರೆ ಎಂದುಕೊಂಡೆ.

"ತಪ್ಪು ನಂದೇ ಸ್ವಾಮಿ. ಒಳಗೆ ಹೋಗಿ ನೋಡ್ಬೇಕಿತ್ತು, ನೋಡ್ಲಿಲ್ಲ" ಎಂದರು.

"ಮನೆಯವರನ್ನಾದರೂ ಕೇಳಿದಿರಾ?"

"ಇಲ್ಲ" ಎಂದರು.

ಬಡಗಿ ಬೀದಿಯಲ್ಲಿ ಕುಸಿದು ಕೂತಿದ್ದ. ಅವನು ಎದ್ದು ಬಂದು ಇನ್ಸ್‌ಪೆಕ್ಟರ ಅಂಗಿ ಹಿಡಿದು, "ಸೋಮಾರಿ ನನ್ಮಗನೇ, ನನ್ನ ಮನೆ ತೆಗೆದ್ಯಲ್ಲೋ" ಎಂದು ಎಳೆದಾಡಿದ. ಅವರು ಕೈ ಎತ್ತಲಿಲ್ಲ, ಅವನನ್ನು ಬಿಡಿಸಲು ಬಂದವರನ್ನೂ ತಡೆದರು. ನಾನು ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ.

ಅವರನ್ನು ಕೇರಿ ತಪಾಸಣೆಯಿಂದ ತೆಗೆದು ಹಿರಿಯೂರಿನ ಪ್ಲೇಗಿನ ಶೆಡ್ಡಿಗೆ ಹಾಕಿದರು. ಹೊರಡುವ ಮುಂಚೆ ಬಯಲಿನ ಗುಡಿಸಲುಗಳ ಬಳಿ ನೀರಿನ ಗಾಡಿ ಬಂತೋ ಇಲ್ಲವೋ ಎಂದು ನೋಡಲು ಬಂದಿದ್ದರು. ಸುತ್ತ ಯಾರೂ ಇಲ್ಲದ್ದು ನೋಡಿ ನಾನು ಹತ್ತಿರ ಹೋಗಿ, "ಅಣ್ಣಾ, ತಪ್ಪಾತು" ಎಂದೆ.

ಅವರು ಗುಡಿಸಲುಗಳ ಕಡೆ ನೋಡಿದರು. ಆಮೇಲೆ, "ಆ ಹುಡುಗಿ ಶೆಡ್ಡಿಗೆ ಹೋಗಿದ್ರೂ ಉಳೀತಿದ್ಲೋ ಇಲ್ವೋ, ಹೇಳಾಕಾಗಲ್ಲ ತಂಗೀ. ಬಡಗಿ ಮನೆಯೋರನ್ನ ಉಳಿಸ್ಕಬೋದಿತ್ತು" ಎಂದರು. ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಗಾಡಿಯವನನ್ನು ಹುಡುಕಿಕೊಂಡು ಹೋದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಹಿರಿಯೂರಿನಲ್ಲಿ ಅವರು ರೋಗಿಗಳಿಗೆ ತಾವೇ ಗಂಜಿ ಕುಡಿಸುತ್ತಿದ್ದರಂತೆ. ಎರಡನೆಯ ಚಳಿಗಾಲದಲ್ಲಿ ಅವರಿಗೂ ಪ್ಲೇಗು ಬಂತು. ಸುದ್ದಿ ದುರ್ಗಕ್ಕೆ ಬಂದಾಗ ಬಾವಿಯ ಬಳಿ ಒಬ್ಬಾಕೆ, "ಆ ಸೋಮಾರಿ ಇನ್ಸ್‌ಪೆಟ್ರು ಹೋದ್ನಂತೆ" ಎಂದಳು. ನಾನು ಕೊಡ ತುಂಬಿಕೊಂಡು ಮನೆಗೆ ಬಂದೆ.

ವರ್ಷಗಳಾದ ಮೇಲೆ ಅವರ ಹೆಂಡತಿ ಯಾವುದೋ ಕೆಲಸಕ್ಕೆಂದು ದುರ್ಗಕ್ಕೆ ಬಂದವರು ನಮ್ಮ ಮನೆಗೂ ಬಂದರು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಅಡಿಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ ಹಾಲು ಕಾಯಿಸಲಿಟ್ಟೆ. ಅವರು ಅದೂ ಇದೂ ಮಾತಾಡಿ ಕೊನೆಗೆ ಕೇಳಿದರು:

"ಊರ ಮನೆನೆಲ್ಲ ಹೊಕ್ಕು ನೋಡಿದೋರು, ನಿಮ್ಮನೇದೊಂದು ಯಾಕೆ ನೋಡ್ಲಿಲ್ಲ ತಂಗೀ? ಎಷ್ಟು ಸಲ ಕೇಳಿದ್ರೂ ಅವತ್ತು ಮೈಗಳ್ಳತನ ಮಾಡ್ದೆ ಅಂತಿದ್ರು. ಅವರು ಅಂಥೋರಲ್ಲ. ನಿನಗೇನಾದ್ರೂ ಗೊತ್ತೈತಾ?"

ಹೆಂಡತಿಗೂ ಹೇಳಿರಲಿಲ್ಲ.

ನಾನು ಒಲೆಯ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿದೆ. ಹೂತ ಇಲಿಯಿಂದ ಹಿಡಿದು ಹೊಳಲ್ಕೆರೆಯ ಚಿಕ್ಕಮ್ಮನವರೆಗೆ. ತಿರುಗಿ ನೋಡಿದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಯಾವುದೋ ಭಾರ ಇಳಿದಂತಿತ್ತು.

"ಹಂಗಾರೆ ಕೇಳಿದ್ರು" ಎಂದರು. "ಕೇಳ್ದೆ ಹೋಗಿರಲಿಲ್ಲ."

ಹಾಲು ಮುಟ್ಟದೆ ಎದ್ದರು. ನಾನು ಬಾಗಿಲವರೆಗೆ ಹೋದೆ. "ನೀನು ಇದನ್ನ ಆ ಬಡಗಿಗೆ ಹೇಳ್ಬೇಕಿತ್ತು" ಎಂದು, ಮೆಟ್ಟು ಮೆಟ್ಟಿಕೊಂಡು ಹೊರಟುಹೋದರು. ಬಡಗಿ ಅಷ್ಟು ಹೊತ್ತಿಗೆ ಊರು ಬಿಟ್ಟಿದ್ದ, ಎಲ್ಲಿಗೆ ಹೋದನೆಂದು ಯಾರಿಗೂ ಗೊತ್ತಿರಲಿಲ್ಲ.

ಇಂದಿಗೂ ನಮ್ಮ ಕೇರಿಯ ಹಳಬರು ಪ್ಲೇಗಿನ ಕಾಲದ ಮಾತು ಬಂದರೆ ಆ ಸೋಮಾರಿ ಇನ್ಸ್‌ಪೆಕ್ಟರ ಕಥೆ ಹೇಳುತ್ತಾರೆ. ಈಗ ನಾನು ಅದು ಹಾಗಲ್ಲ ಎನ್ನುತ್ತೇನೆ. ಮುದುಕಿಗೆ ಅರಳುಮರಳು ಎಂದುಕೊಂಡು ಅವರು ತಲೆಯಾಡಿಸುತ್ತಾರೆ. ಬೀದಿಯಲ್ಲಿ, ಎಲ್ಲರೆದುರು, ಇನ್ಸ್‌ಪೆಕ್ಟರ ಅಂಗಿಯ ಮೇಲೆ ಬಡಗಿಯ ಕೈ ಬಿದ್ದಾಗ ಹೇಳಬೇಕಾಗಿದ್ದ ಮಾತನ್ನು ಈಗ ಕೇಳುವವರಿಲ್ಲ.